ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪ್ರೌಢಶಾಲೆಯ ಸ್ಥಾನಗಳು: ಒಂದು ವಿವೇಚನೆ

‘ಪ್ರೌಢ’ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ; ಅದರ ಅರ್ಥವನ್ನು ಬಿಡಿಸಿ ನೋಡುವವರು ವಿರಳ. ‘ಪ್ರ’ ಎಂಬ ಉಪಸರ್ಗಕ್ಕೆ ‘ವಹ್’ ಧಾತುವಿನಿಂದಾದ ‘ಊಢ’ ಎಂಬ ರೂಪವು ಸೇರಿ ‘ಪ್ರೌಢ’ವಾಗಿದೆ. ವಹ್ ಎಂದರೆ ಹೊರು, ಒಯ್ಯು. ಆದುದರಿಂದ ಮುಂದಕ್ಕೆ ಒಯ್ಯಲ್ಪಟ್ಟುದೇ ಪ್ರೌಢ. ವ್ಯಾಕರಣದ ಈ ಮಾತಿನಲ್ಲಿ ಶಿಕ್ಷಣದ ತತ್ತ್ವವೊಂದೂ ಅಡಗಿದೆ. ಹಳ್ಳಿಯ ಮಗು ತಾನಾಗಿಯೇ ಪ್ರೌಢಶಾಲೆಯನ್ನು ತಲುಪುವುದಿಲ್ಲ. ಅದನ್ನು ಏಳನೆಯ ತರಗತಿಯಿಂದ ಎಂಟನೆಯ ತರಗತಿಗೆ ತಂದೆತಾಯಿ, ಊರು, ಸಂಸ್ಥೆ, ಸರಕಾರ ಎಲ್ಲರೂ ಕೂಡಿ ಒಯ್ಯಬೇಕು. ಹಾಗೆ ಒಯ್ದ ಮಗುವಿಗೆ ಅಲ್ಲಿ ಕುಳಿತುಕೊಳ್ಳಲು ಸ್ಥಳವಿರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಆ ಸ್ಥಳವನ್ನು ಎಣಿಸುವ ಬಗೆ ಯಾವುದೆಂಬುದೇ ಪ್ರಸ್ತುತ ಲೇಖನದ ವಿಷಯ.

ಈ ನೆಲವು ಅಕ್ಷರಕ್ಕೆ ಹೊಸತಲ್ಲ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ನೆಲೆಸಿದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣನಗರವೂ ಒಂದು. ಅಂತಹ ನಾಡಿನಲ್ಲಿ 2011ರ ಜನಗಣತಿಯ ವೇಳೆಗೆ ಅಕ್ಷರಸ್ಥರ ಪ್ರಮಾಣ ಶೇಕಡಾ 68ರಷ್ಟಿತ್ತು; ಸ್ತ್ರೀಯರಲ್ಲಿ ಅದು ಶೇಕಡಾ 58ನ್ನೂ ಮುಟ್ಟಿರಲಿಲ್ಲ. ಇಡೀ ರಾಜ್ಯದ ಪ್ರಮಾಣ ಆಗ ಶೇಕಡಾ 75ನ್ನು ಮೀರಿತ್ತು.

ಈ ಅಂತರಕ್ಕೆ ಚಾರಿತ್ರಿಕ ಕಾರಣಗಳುಂಟು. 1948ರವರೆಗೆ ಈ ಭಾಗವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ಆಡಳಿತದ ಭಾಷೆ ಉರ್ದು; ಮಕ್ಕಳ ಮನೆಮಾತು ಕನ್ನಡ. ಮೇಲಿನ ತರಗತಿಗೆ ಹೋಗುವುದೆಂದರೆ ಊರನ್ನೂ ಭಾಷೆಯನ್ನೂ ಒಟ್ಟಿಗೆ ಬಿಟ್ಟು ಹೋಗುವುದೇ ಆಗಿತ್ತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಈ ನಾಲ್ಕು ತಾಲ್ಲೂಕುಗಳು ಸೇರಿ ಕೊಪ್ಪಳ ಜಿಲ್ಲೆಯಾಯಿತು. ಮುಂದೆ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕು ಕೇಂದ್ರಗಳಾದವು. ಶಾಲೆಗಳೂ ಹೆಚ್ಚಿದವು. ಆದರೂ ಮನೆತನದಲ್ಲಿ ಮೊದಲ ಬಾರಿಗೆ ಎಂಟನೆಯ ತರಗತಿಯ ಮೆಟ್ಟಿಲು ಹತ್ತುವ ಮಗು ಇಂದಿಗೂ ನಮ್ಮ ಶಾಲೆಗಳಲ್ಲಿ ಅಪರೂಪವಲ್ಲ.

ಈಗ ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗಿನ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿತು. ನಮ್ಮ ರಾಜ್ಯದಲ್ಲಿಯಾದರೋ ಎಂಟನೆಯ ತರಗತಿಯು ಬಹುಕಾಲದಿಂದ ಪ್ರೌಢಶಾಲೆಯ ಅಂಗ. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಎಂಟನೆಯ ತರಗತಿಯನ್ನು ಸೇರಿಸಲಾಯಿತು. ಉಳಿದೆಡೆ ಮಗು ಏಳನೆಯದನ್ನು ಮುಗಿಸಿದೊಡನೆಯೇ ಬೇರೆ ಊರಿನ ದಾರಿ ಹಿಡಿಯಬೇಕು. ಒಂಬತ್ತು, ಹತ್ತನೆಯ ತರಗತಿಗಳಿಗೆ ಆ ಹಕ್ಕಿನ ರಕ್ಷಣೆಯೂ ಇಲ್ಲ. ಈ ಕೊರತೆಯನ್ನು ತುಂಬಲೆಂದು 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಪ್ರತಿ ಜನವಸತಿಯಿಂದ 5 ಕಿಲೋಮೀಟರಿನೊಳಗೆ ಒಂದು ಪ್ರೌಢಶಾಲೆ ಇರಬೇಕೆಂದು ಗುರಿಯಿಟ್ಟಿತು. 2018ರಲ್ಲಿ ಆ ಅಭಿಯಾನವು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಲೀನವಾಯಿತು. ಐದು ಕಿಲೋಮೀಟರ್ ಎಂದರೆ ಹಿರಿಯರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಹರದಾರಿ.

ಸ್ಥಾನಗಳನ್ನು ಎಣಿಸುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ದೊಡ್ಡ ಹಳ್ಳಿಯಲ್ಲಿ ಪ್ರೌಢಶಾಲೆಯಿದೆ. ಸುತ್ತಲಿನ ಐದು ಹಳ್ಳಿಗಳು ಅದನ್ನೇ ನೆಚ್ಚಿವೆ. ಆರೂ ಊರುಗಳ ಏಳನೆಯ ತರಗತಿಯಲ್ಲಿ ಒಟ್ಟು 150 ಮಕ್ಕಳಿದ್ದಾರೆಂದು ಭಾವಿಸೋಣ. ಪ್ರೌಢಶಾಲೆಯ ಎಂಟನೆಯ ತರಗತಿಗೆ ಎರಡು ವಿಭಾಗಗಳು. ವಿಭಾಗಕ್ಕೆ 40ರಂತೆ 80 ಸ್ಥಾನಗಳು. ಜೂನ್ ಮುಗಿದ ಮೇಲೆ ಶಾಲೆಯ ದಾಖಲೆಯು ‘80 ಸ್ಥಾನ, 80 ದಾಖಲಾತಿ’ ಎಂದು ಹೇಳುತ್ತದೆ. ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಉಳಿದ 70 ಮಕ್ಕಳು ಎಲ್ಲಿ ಹೋದರೆಂಬುದನ್ನು ಆ ದಾಖಲೆ ಹೇಳುವುದಿಲ್ಲ. ಕೆಲವರು ಪಟ್ಟಣದ ಶಾಲೆಗೆ, ಕೆಲವರು ವಸತಿ ಶಾಲೆಗೆ ಹೋಗಿರಬಹುದು. ಹೊಲಕ್ಕೆ ಹೋದವರನ್ನು ಯಾರೂ ಎಣಿಸಿಲ್ಲ. ಆದ್ದರಿಂದ ಲೆಕ್ಕವು ಪ್ರೌಢಶಾಲೆಯ ಹಾಜರಿ ಪುಸ್ತಕದಿಂದಲ್ಲ, ಏಳನೆಯ ತರಗತಿಯ ಹಾಜರಿ ಪುಸ್ತಕದಿಂದ ಆರಂಭವಾಗಬೇಕು. ಇದೇ ಈ ವಿಷಯದ ಮೂಲಸೂತ್ರ.

ಎರಡನೆಯ ಸೂತ್ರವೂ ಇದೆ. ಒಂದು ವಿಭಾಗವನ್ನು ಹೆಚ್ಚಿಸುವುದೆಂದರೆ ಒಂದು ಕೋಣೆಯನ್ನು ಕಟ್ಟುವುದಲ್ಲ. ಈ ವರ್ಷ ಎಂಟರಲ್ಲಿ ಕುಳಿತ ಮಕ್ಕಳು ಬರುವ ವರ್ಷ ಒಂಬತ್ತಕ್ಕೆ, ಅದರ ಮರುವರ್ಷ ಹತ್ತಕ್ಕೆ ಏರುತ್ತಾರೆ. ಅವರ ಹಿಂದೆ ಹೊಸಬರು ಬರುತ್ತಾರೆ. ಹೀಗಾಗಿ ಮೂರು ವರ್ಷಗಳಲ್ಲಿ ಮೂರು ಕೋಣೆಗಳು ಬೇಕು. ಭಾಷೆ, ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಅಧ್ಯಾಪಕರೂ ಬೇಕು. ನಿವೃತ್ತರಾದ ಅಧ್ಯಾಪಕರ ಸ್ಥಾನ ತೆರವಾಗಿಯೇ ಉಳಿದರೆ ಗೋಡೆಯಿದ್ದೂ ಸ್ಥಾನವಿಲ್ಲದಂತೆಯೇ ಸರಿ. ಗಣಿತದ ಅಧ್ಯಾಪಕರಿಲ್ಲದ ಹತ್ತನೆಯ ತರಗತಿಯನ್ನು ಸ್ಥಾನವೆಂದು ಎಣಿಸುವುದು ನೀರಿಲ್ಲದ ಬಾವಿಯನ್ನು ಬಾವಿಯೆಂದು ಎಣಿಸಿದಂತೆ.

ರಾಜ್ಯದಲ್ಲಿ ಜನನಪ್ರಮಾಣವು ಇಳಿಯುತ್ತಿರುವಾಗ ಹೊಸ ಕೋಣೆಗಳೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಹಿಂದೆ ಏಳಕ್ಕೇ ನಿಲ್ಲುತ್ತಿದ್ದ ಮಕ್ಕಳು ಈಗ ಮುಂದೆ ಬರಬಯಸುತ್ತಾರೆ. ಆ ಬಯಕೆಯೂ ಲೆಕ್ಕಕ್ಕೆ ಬರಬೇಕು. ಇಂದು ಒಂದನೆಯ ತರಗತಿಗೆ ಸೇರಿದ ಮಗು ಏಳು ವರ್ಷಗಳ ಅನಂತರ ಎಂಟನೆಯ ತರಗತಿಯ ಬಾಗಿಲಿಗೆ ಬರುತ್ತದೆ. ನಮ್ಮ ಸೀಮೆಯ ಯಾವ ರೈತನಿಗೂ ಮಳೆಯು ಏಳು ವರ್ಷ ಮುಂಚಿತವಾಗಿ ಸೂಚನೆ ಕೊಟ್ಟಿಲ್ಲ. ಮಕ್ಕಳು ಕೊಡುತ್ತಾರೆ. ಆ ಸೂಚನೆಯನ್ನು ಓದಿ, ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಇರುವುದೇ ಸಾಕು ಎಂದು ಊರೂರಿಗೆ ನಿರ್ಣಯಿಸಬೇಕಷ್ಟೆ.

ನಾಲ್ಕು ತಾಲ್ಲೂಕುಗಳಿಗೂ ಒಂದೇ ಅಳತೆ ಒಗ್ಗುವುದಿಲ್ಲವೆಂಬುದನ್ನೂ ಗಮನಿಸಬೇಕು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಬೆಳೆ ಹಬ್ಬಿತು. ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳು ಹುಟ್ಟಿದವು. ಅಲ್ಲಿ ಜನ ಹೆಚ್ಚಿದ ಕಡೆ ವಿಭಾಗಗಳೂ ಹೆಚ್ಚಬೇಕು. ಕೊಪ್ಪಳದ ಸುತ್ತ, ಗಿಣಗೇರಿಯ ಕಡೆ, ಕಾರ್ಖಾನೆಗಳ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆಯೂ ಸೇರಬಯಸುತ್ತಾರೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಬೇಸಾಯ. ಮಳೆ ಕೈಕೊಟ್ಟರೆ ಸಂಸಾರಗಳು ಮಂಗಳೂರು, ಬೆಂಗಳೂರು, ಗೋವೆಗಳಿಗೆ ಗುಳೆ ಹೊರಡುತ್ತವೆ. ಜೂನ್‌ನಲ್ಲಿ ತುಂಬಿದ ಬೆಂಚು ಜನವರಿಯಲ್ಲಿ ಬರಿದಾಗುತ್ತದೆ. ಅಲ್ಲಿ ಕೋಣೆಗಿಂತ ಮೊದಲು ಬೇಕಾದುದು ವಿದ್ಯಾರ್ಥಿನಿಲಯ. ತಂದೆತಾಯಿ ದೂರ ಹೋದಾಗ ಮಗುವನ್ನು ಊರಲ್ಲಿಯೇ ಇರಿಸಿಕೊಳ್ಳುವ ಅನ್ನ ಮತ್ತು ಆಸರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಹರದಾರಿಯು ಒಂದೇ ಹರದಾರಿಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳಲ್ಲಿ ರೈತರೊಬ್ಬರು ಮಗಳನ್ನು ಕರೆದುಕೊಂಡು ಈ ಲೇಖಕನು ಪ್ರವೇಶಪತ್ರಗಳನ್ನು ಪಡೆಯುತ್ತಿದ್ದ ಮೇಜಿನ ಬಳಿಗೆ ಬಂದರು. ವಿಭಾಗವು ತುಂಬಿತ್ತು. “ಒಂದು ವಾರ ಬಿಟ್ಟು ಬನ್ನಿರಿ, ನೋಡೋಣ” ಎಂದು ಹೇಳಿ ಕಳುಹಿಸಿದೆ. ಅವರು ಮತ್ತೆ ಬರಲಿಲ್ಲ. ಬಸ್ಸಿನ ಖರ್ಚು ಮಾಡಿ ಎರಡನೆಯ ಸಲ ಬರುವುದು ಅವರಿಗೆ ಸುಲಭವಾಗಿರಲಿಲ್ಲವೆಂಬುದು ನನಗೆ ಆಗ ಹೊಳೆಯಲಿಲ್ಲ. ಮರುವರ್ಷ ಬೀಜೋತ್ಪಾದನೆಯ ಹೊಲವೊಂದರ ಬದುವಿನ ಮೇಲೆ ಹೋಗುತ್ತಿದ್ದಾಗ, ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ತಲೆಯೆತ್ತಿ, “ಸರ್, ಈ ವರ್ಷನೂ ಸಾಲ್ಯಾಗ ಜಾಗ ಇಲ್ಲೇನ್ರಿ?” ಎಂದು ಕೇಳಿದಳು. ಶಬ್ದಶಾಸ್ತ್ರವನ್ನು ಓದಿದ ನನಗೆ ಉತ್ತರಕ್ಕೆ ಒಂದು ಶಬ್ದವೂ ಸಿಗಲಿಲ್ಲ. ಯಾವ ಪಟ್ಟಿಯಲ್ಲಿಯೂ ಆ ಮಗುವನ್ನು ‘ಪ್ರವೇಶ ನಿರಾಕರಿಸಲ್ಪಟ್ಟವಳು’ ಎಂದು ಬರೆದಿರಲಿಲ್ಲ.

ದೂರವನ್ನು ಕಡಿಮೆ ಮಾಡುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲು ಅನೇಕ ವರ್ಷ ಹಳ್ಳಿಯ ಹುಡುಗಿಯರನ್ನು ಶಾಲೆಗೆ ಹೊತ್ತು ತಂದಿತು. 2002ರಲ್ಲಿ ಈ ಭಾಗದ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಮುಂದೆ ಪ್ರೌಢಶಾಲೆಗೂ ವಿಸ್ತರಿಸಿತು. 2023ರ ಜೂನ್‌ನಿಂದ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಆದರೆ ಬಸ್ಸು ಶಾಲೆಯ ವೇಳೆಗೆ ಬಂದರೆ ಮಾತ್ರ ಅದು ವಿದ್ಯಾರ್ಥಿನಿಗೆ ಉಪಯೋಗ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಕೊಪ್ಪಳದ ಶ್ರೀ ಗವಿಮಠವು ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನವನ್ನೂ ವಸತಿಯನ್ನೂ ಉಚಿತವಾಗಿ ನೀಡುತ್ತಿರುವುದು ಸರ್ವವಿದಿತ. ಸಂವಿಧಾನದ 371(ಜೆ) ವಿಧಿಯಡಿ ರಚಿತವಾದ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಶಾಲಾ ಕೋಣೆಗಳಿಗೆ ಹಣವೂ ದೊರೆಯುತ್ತದೆ. ಇಷ್ಟಾದರೂ ಕೊರತೆಯೇಕೆ? ತುಂಗಭದ್ರೆಯ ಕಾಲುವೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಲಾಶಯ ತುಂಬಿದ ಮಾತ್ರಕ್ಕೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿತೆಂದಲ್ಲ. ಜಿಲ್ಲೆಯ ಒಟ್ಟು ಸ್ಥಾನಗಳು ಒಟ್ಟು ಮಕ್ಕಳಿಗೆ ಸರಿಹೋಗಬಹುದು. ಆದರೆ ಕೊನೆಯ ಹಳ್ಳಿಯ ಮಗುವಿಗೆ ಅವು ಎಟುಕದೆ ಹೋಗಬಹುದು.

ಆದುದರಿಂದ ನಮ್ಮ ಕೈಯಲ್ಲಿಯೇ ಇರುವ ಕಾರ್ಯವೊಂದನ್ನು ಸೂಚಿಸಿ ವಿರಮಿಸುವೆನು. ಪ್ರತಿ ವರ್ಷ ಫೆಬ್ರುವರಿಯಲ್ಲಿ ಏಳನೆಯ ತರಗತಿಯ ಮಕ್ಕಳ ಹೆಸರಿನ ಪಟ್ಟಿಯನ್ನು ಊರಿನ ಶಾಲಾಭಿವೃದ್ಧಿ ಸಮಿತಿಯವರು ಸಿದ್ಧಪಡಿಸಲಿ. ಸುತ್ತಲಿನ ಸರಕಾರಿ, ಅನುದಾನಿತ, ಮಠದ ಶಾಲೆಗಳ ಮುಖ್ಯೋಪಾಧ್ಯಾಯರು ಒಂದೆಡೆ ಕುಳಿತು, ಯಾವ ಮಗು ಎಲ್ಲಿಗೆ ಎಂಬುದನ್ನು ಮೇ ತಿಂಗಳೊಳಗೆ ಬರೆದಿಡಲಿ. ಸ್ಥಳವಿಲ್ಲದೆ ಹಿಂದಿರುಗಿಸಿದ ಪ್ರತಿ ಮಗುವಿನ ಹೆಸರನ್ನೂ ಒಂದು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಲಿ. ಹೊಸ ವಿಭಾಗವನ್ನು ಕೇಳಲು ಅದಕ್ಕಿಂತ ಬಲವಾದ ಆಧಾರವಿಲ್ಲ. ಜುಲೈನಲ್ಲಿ ಪಟ್ಟಿಯನ್ನು ಮತ್ತೆ ತೆರೆದು, ಬಾರದ ಮಗುವಿನ ಮನೆಗೆ ಯಾರಾದರೊಬ್ಬರು ಹೋಗಿ ಬರಲಿ.

ಅಂತಹ ಪುಸ್ತಕವೊಂದನ್ನು ನಾನು ನನ್ನ ಮೇಜಿನ ಮೇಲೆ ಇರಿಸಿಕೊಂಡಿದ್ದೇನೆ. ಅದರ ಮೊದಲನೆಯ ಸಾಲಿನಲ್ಲಿ ಆ ಹೊಲದ ಹುಡುಗಿಯ ಹೆಸರಿದೆ. ಮುಂದಿನ ಸಾಲುಗಳು ಖಾಲಿಯಾಗಿ ಉಳಿಯಲೆಂಬುದೇ ನನ್ನ ಹಾರೈಕೆ.