ಪಟ ತೆಗೆದರಾಯ್ತೆ, ಲೆಕ್ಕ ಬೇಡವೆ?

ಉದ್ರಿ ಕೊಟ್ಟ ಅಂಗಡಿಯವ ಖಾತೆ ಬರೆಯದೆ ಕೂತರೆ ವರ್ಷದ ಕೊನೆಗೆ ಏನಾಗುತ್ತೆ? ಗಲ್ಲಾ ಖಾಲಿ. ಸ್ತನ ಕ್ಯಾನ್ಸರ್ ತಪಾಸಣೆಯ ಮಾತೂ ಅಷ್ಟೇ ಸ್ವಾಮಿ. ಶಿಬಿರ ನಡೆಯುತ್ತೆ, ಎಕ್ಸ್‌ರೇ ವ್ಯಾನು ಬರುತ್ತೆ, ಗಣ್ಯರು ಟೇಪು ಕತ್ತರಿಸ್ತಾರೆ, 'ಇಷ್ಟು ಮಂದಿ ಮಹಿಳೆಯರ ತಪಾಸಣೆ' ಎಂದು ಪತ್ರಿಕೆಗೆ ಸುದ್ದಿ ಬರುತ್ತೆ. ಆಮೇಲೆ ಅವರಲ್ಲಿ ಯಾರಿಗೆ ಏನಾಯಿತು? ಕೇಳುವವರಿಲ್ಲ.

ಈ ಲೆಕ್ಕ ಇಡುವುದು ಹೇಗೆಂದು ಇಂಗ್ಲೆಂಡಿನವರನ್ನು ನೋಡಿ ಕಲಿಯಬಹುದು. ಅಲ್ಲಿ 1988ರಿಂದ ಸರ್ಕಾರವೇ ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೋಗ್ರಫಿ, ಮಾಡಿಸುತ್ತಿದೆ. ಈಗ 50ರಿಂದ 71 ವಯಸ್ಸಿನೊಳಗಿನ ಹೆಂಗಸರಿಗೆ ಮೂರು ವರ್ಷಕ್ಕೊಮ್ಮೆ ಕರೆ ಹೋಗುತ್ತೆ. ನೂರು ಮಂದಿಯಲ್ಲಿ ಸುಮಾರು ನಾಲ್ವರನ್ನು ಹೆಚ್ಚಿನ ಪರೀಕ್ಷೆಗೆ ಮತ್ತೆ ಕರೀತಾರೆ. ಆ ನಾಲ್ವರಲ್ಲಿ ಕ್ಯಾನ್ಸರ್ ಇರುವುದು ಒಬ್ಬರಿಗೆ. ಮಿಕ್ಕ ಮೂವರದು ಬರೀ ಗಾಬರಿ. ಅದನ್ನೂ ಬರೆದಿಡ್ತಾರೆ. ಮತ್ತೆ ಕರೆಯುವುದು ಜಾಸ್ತಿಯಾದರೆ ಹೆಂಗಸರಿಗೆ ವೃಥಾ ದಿಗಿಲು, ತೀರಾ ಕಡಿಮೆಯಾದರೆ ರೋಗವೇ ಕಣ್ತಪ್ಪುವ ಭಯ.

ಅಸಲು ಲೆಕ್ಕ ಇನ್ನೊಂದಿದೆ. 'ಏನೂ ಇಲ್ಲ, ಹೋಗಿ ಬನ್ನಿ' ಅನ್ನಿಸಿಕೊಂಡ ಹೆಂಗಸಿಗೆ ಮುಂದಿನ ಕರೆ ಬರುವ ಮೊದಲೇ ಕ್ಯಾನ್ಸರ್ ಕಾಣಿಸಿಕೊಂಡರೆ? ತಪಾಸಣೆಯ ಪಟ್ಟಿಗೂ ಕ್ಯಾನ್ಸರ್ ನೋಂದಣಿ ಪುಸ್ತಕಕ್ಕೂ ತಾಳೆ ಹಾಕಿ ಇಂಥವರನ್ನು ಹುಡುಕ್ತಾರೆ. ಹಳೇ ಪಟ ಹೊರತೆಗೆದು ಮತ್ತೆ ಪರಿಶೀಲಿಸ್ತಾರೆ. ಗುರುತು ಇದ್ದೂ ನೋಡಿದವರ ಕಣ್ಣು ತಪ್ಪಿತ್ತೋ, ಪಟ ತೆಗೆದ ಮೇಲೆ ಬೆಳೆದದ್ದೋ? ಎರಡೂ ಉಂಟು. ಪಟ ಓದುವವರಿಗೆ ಅದೇ ಪಾಠ. ಅಮೆರಿಕದಲ್ಲಂತೂ 1992ರ ಕಾಯಿದೆಯ ಪ್ರಕಾರ, ಸಂಶಯ ಬಂದ ಪಟಗಳ ಮುಂದಿನ ಫಲಿತಾಂಶವನ್ನು ಕೇಂದ್ರದವರು ಬೆನ್ನುಹತ್ತಿ ತಿಳಿಯಲೇಬೇಕು.

ನಮ್ಮ ರಾಜ್ಯದಲ್ಲಿ ಪುಸ್ತಕವೇ ಇಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಆದರೆ ಊರಿನ ಶಿಬಿರದವರು ತಮ್ಮ ಪಟ್ಟಿಯನ್ನೇ ಜೋಪಾನ ಮಾಡದಿದ್ದರೆ ಯಾವುದಕ್ಕೆ ಯಾವುದನ್ನು ತಾಳೆ ಹಾಕೋದು?

ಶಿಬಿರ ನಡೆಸುವ ಮಹನೀಯರೇ, ಮುಂದಿನ ಸಲ ಹಾರ ತುರಾಯಿಯ ಖರ್ಚು ಉಳಿಸಿ ಒಂದು ರಿಜಿಸ್ಟರು ಕೊಳ್ಳಿ. ಮತ್ತೆ ಬನ್ನಿ ಅಂದವರು ಬಂದರೇ, ಬರದಿದ್ದರೆ ಯಾಕೆ, ಮನೆ ಬಾಗಿಲಿಗೆ ಹೋಗಿ ಕೇಳಿ. ತಾಯಂದಿರೇ, ಹಳೇ ಪಟ, ರಿಪೋರ್ಟು ಬಿಸಾಡಬೇಡಿ. ಪಟ ಸರಿಯಿದೆ ಅಂದಿದ್ದರೂ ಕೈಗೆ ಗಂಟು ಸಿಕ್ಕರೆ ಇನ್ನೊಂದು ಶಿಬಿರಕ್ಕೆ ಕಾಯದೆ ಡಾಕ್ಟರ ಬಳಿ ನಡೆಯಿರಿ.