ಬಣ್ಣದ ಪೂರ್ವಗ್ರಹಕ್ಕೆ ಪಕ್ಷವಿಲ್ಲ

1964ರ ನವೆಂಬರ್ 3ರಂದು ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು, ಅಮೆರಿಕದ ಅಧ್ಯಕ್ಷ ಯಾರಾಗಬೇಕು? ಆ ವರ್ಷವೇ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದ ಲಿಂಡನ್ ಜಾನ್ಸನ್ ಅವರಿಗೆ ನೂರಕ್ಕೆ ಸುಮಾರು 59 ಮಂದಿ ಮತ ಹಾಕಿದರು. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಸೆನೆಟ್‌ನಲ್ಲಿ ಅದೇ ಕಾಯ್ದೆಯನ್ನು ವಿರೋಧಿಸಿದ್ದವರು. ಎರಡನೆಯದು, 14ನೇ ಪ್ರಸ್ತಾವ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ ನೋಡಿ ನಿರಾಕರಿಸಬಾರದು ಎಂದು ಹಿಂದಿನ ವರ್ಷ ಬಂದಿದ್ದ ರಮ್‌ಫೋರ್ಡ್ ಕಾಯ್ದೆಯನ್ನು ತೆಗೆದುಹಾಕಬೇಕೆ? ಹೌದು ಎಂದವರು ನೂರಕ್ಕೆ ಸುಮಾರು 65. ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟರೆ ಸಂಗತಿ ಗೊತ್ತಾಗುತ್ತದೆ: ಸಮಾನತೆಯ ಪರ ನಿಂತ ಅಧ್ಯಕ್ಷನನ್ನು ಆರಿಸಿದ ಕೈಯೇ, ಅದೇ ದಿನ, ಪಕ್ಕದ ಮನೆಗೆ ಕಪ್ಪುವರ್ಣೀಯರು ಬಾರದಂತೆ ಬಾಗಿಲು ಹಾಕಿತು. ಹಾಗೆ ಮಾಡಿದವರು ಲಕ್ಷಾಂತರ ಮಂದಿ. ಮೂರು ವರ್ಷಗಳ ನಂತರ ಸುಪ್ರೀಂ ಕೋರ್ಟು ಆ ಪ್ರಸ್ತಾವವನ್ನು ಸಂವಿಧಾನಬಾಹಿರ ಎಂದಿತು.

ಜನಾಂಗೀಯ ಪೂರ್ವಗ್ರಹದ ಮಾತು ಬಂದಾಗಲೆಲ್ಲ ಜನ ಬೇಗ ಬೇಗ ಎರಡು ಸಾಲಾಗಿ ನಿಲ್ಲುತ್ತಾರೆ. ತಪ್ಪೆಲ್ಲ ಆಚೆ ಸಾಲಿನವರದ್ದು. ಈ ವಿಂಗಡಣೆಯಿಂದ ಆಗಿರುವ ಹಾನಿ ದೊಡ್ಡದು. ಅದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಪೂರ್ವಗ್ರಹ ಸಂಪ್ರದಾಯವಾದಿಗಳ ಕಾಯಿಲೆ, ಉದಾರವಾದಿಗಳಿಗೆ ಅದರ ಸೋಂಕಿಲ್ಲ

ಸ್ಯಾಮ್ಯುಯೆಲ್ ಗೇರ್ಟ್ನರ್ ಎಂಬ ಮನೋವಿಜ್ಞಾನಿ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ನಡೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಲಿಬರಲ್ ಪಕ್ಷದ ಮತ್ತು ಕನ್ಸರ್ವೇಟಿವ್ ಪಕ್ಷದ ನೋಂದಾಯಿತ ಬಿಳಿಯ ಸದಸ್ಯರ ಮನೆಗಳಿಗೆ ಫೋನ್ ಬರುತ್ತದೆ. "ಹಲೋ, ಗ್ಯಾರೇಜಾ?" ಎಂದು ಶುರು. ರಾಂಗ್ ನಂಬರ್ ಎಂದು ಗೊತ್ತಾಗುತ್ತದೆ. ಆಗ ಆ ದನಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ: ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ, ಕಾಯಿನ್ ಬೂತಿಗೆ ಹಾಕಲು ಇದ್ದ ಕೊನೆಯ ನಾಣ್ಯವೂ ಈ ಕರೆಗೇ ಹೋಯಿತು, ದಯವಿಟ್ಟು ನೀವೇ ಗ್ಯಾರೇಜಿಗೆ ಒಂದು ಫೋನ್ ಮಾಡಿ ತಿಳಿಸುತ್ತೀರಾ? ಮಾತಿನ ಧಾಟಿಯಿಂದಲೇ ಕರೆ ಮಾಡಿದವರು ಕಪ್ಪುವರ್ಣೀಯರೋ ಬಿಳಿಯರೋ ಎಂದು ತಿಳಿಯುವಂತಿತ್ತು.

ಕೋರಿಕೆಯನ್ನು ಪೂರ್ತಿ ಕೇಳಿಸಿಕೊಂಡ ಸಂಪ್ರದಾಯವಾದಿಗಳಲ್ಲಿ ಬಿಳಿಯ ದನಿಗೆ ನೆರವಾದವರು ನೂರಕ್ಕೆ 92, ಕಪ್ಪುವರ್ಣೀಯ ದನಿಗೆ 65. ಉದಾರವಾದಿಗಳಲ್ಲಿ 85 ಮತ್ತು 75. ಇಷ್ಟನ್ನೇ ನೋಡಿದರೆ ಜನಪ್ರಿಯ ನಂಬಿಕೆ ಸರಿ ಎನ್ನಿಸುತ್ತದೆ. ಆದರೆ ಗೇರ್ಟ್ನರ್ ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದರು: ನೆರವು ಬೇಕು ಎಂಬ ಮಾತು ಬರುವ ಮೊದಲೇ ಫೋನ್ ಇಟ್ಟುಬಿಟ್ಟವರು ಎಷ್ಟು ಮಂದಿ? ಸಂಪ್ರದಾಯವಾದಿಗಳಲ್ಲಿ ಕಪ್ಪುವರ್ಣೀಯ ದನಿಗೆ ಹಾಗೆ ಮಾಡಿದವರು ನೂರಕ್ಕೆ 8, ಬಿಳಿಯ ದನಿಗೆ 5. ದೊಡ್ಡ ಅಂತರವಲ್ಲ. ಉದಾರವಾದಿಗಳಲ್ಲಿ ಬಿಳಿಯ ದನಿಗೆ 3, ಕಪ್ಪುವರ್ಣೀಯ ದನಿಗೆ 19!

ಕಷ್ಟ ಕಿವಿಗೆ ಬಿದ್ದ ಮೇಲೆ "ಆಗುವುದಿಲ್ಲ" ಎನ್ನಲು ಉದಾರವಾದಿಗಳಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಕಿವಿಗೆ ಬೀಳುವ ಮುನ್ನವೇ ಮಾತು ಮುಗಿಯಿತು. ಫೋನ್ ಇಟ್ಟವರಿಗೆ ತಾವು ಯಾರನ್ನೋ ನಿರಾಕರಿಸಿದೆವು ಎಂಬ ಭಾವನೆ ಬಂದಿರಲಿಕ್ಕಿಲ್ಲ. ರಾಂಗ್ ನಂಬರ್, ಇಟ್ಟೆವು, ಅಷ್ಟೇ. ಗೇರ್ಟ್ನರ್ ಮುಂದೆ ಜಾನ್ ಡೊವಿಡಿಯೊ ಜತೆ ಸೇರಿ ದಶಕಗಳ ಕಾಲ ಈ ಬಗೆಯ ನಡವಳಿಕೆಯ ಮೇಲೆ ಕೆಲಸ ಮಾಡಿದರು. ಸಮಾನತೆಯನ್ನು ಮನಸಾರೆ ನಂಬುವವರಲ್ಲೂ ಒಳಗೊಂದು ಮುಜುಗರ, ಹಿಂಜರಿಕೆ ಉಳಿದಿರುತ್ತದೆ. ಜಾರಿಕೊಳ್ಳಲು ಬೇರೆ ನೆಪ ಸಿಕ್ಕಿದಾಗ ಅದು ಹೊರಬರುತ್ತದೆ ಎಂಬುದು ಅವರು ಕಂಡುಕೊಂಡ ವಿಷಯ.

ಇದು ಪ್ರಯೋಗಶಾಲೆಯ ಮಾತಷ್ಟೇ ಅಲ್ಲ. 1972ರ ಅಧ್ಯಕ್ಷೀಯ ಚುನಾವಣೆಯಲ್ಲಿ ಉದಾರವಾದಿ ಜಾರ್ಜ್ ಮೆಕ್‌ಗವರ್ನ್ ಅವರನ್ನು ಗೆಲ್ಲಿಸಿದ ಏಕೈಕ ರಾಜ್ಯ ಮ್ಯಾಸಚೂಸೆಟ್ಸ್. ಎರಡೇ ವರ್ಷ ಕಳೆದು, 1974ರಲ್ಲಿ, ಅದರ ರಾಜಧಾನಿ ಬಾಸ್ಟನ್‌ನ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳು ಒಟ್ಟಿಗೆ ಓದುವಂತೆ ಬಸ್ಸುಗಳಲ್ಲಿ ಕರೆದೊಯ್ಯಬೇಕು ಎಂದು ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಆದೇಶಿಸಿದರು. ಸೌತ್ ಬಾಸ್ಟನ್‌ನಲ್ಲಿ ಕಪ್ಪು ಮಕ್ಕಳಿದ್ದ ಬಸ್ಸುಗಳ ಮೇಲೆ ಕಲ್ಲು ಬಿತ್ತು. ತಲೆಮಾರುಗಳಿಂದ ಮೆಕ್‌ಗವರ್ನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೇ ನಿಷ್ಠವಾಗಿದ್ದ ಬಡಾವಣೆ ಅದು. ಹಾಗೆಂದು ಆ ದುಡಿಯುವ ಜನರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಆದೇಶ ನಗರದ ಗಡಿಯೊಳಗೆ ಮಾತ್ರ ಇತ್ತು. ಸಿರಿವಂತ ಉಪನಗರಗಳ ಸುಶಿಕ್ಷಿತ ಉದಾರವಾದಿಗಳು ಅದನ್ನು ಸಮರ್ಥಿಸಿ ಮಾತನಾಡಬಹುದಿತ್ತು. ಅವರ ಮಕ್ಕಳು ಆ ಬಸ್ಸು ಹತ್ತಬೇಕಾಗಿರಲಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಎರಡೂ ಕಡೆಯವರು ಒಂದೇ

ಇದೂ ತಪ್ಪು. ಸಮೀಕ್ಷೆಗಳಲ್ಲಿ ನೇರವಾಗಿ ಕೇಳಿದಾಗ ಸಂಪ್ರದಾಯವಾದಿಗಳು ಕಪ್ಪುವರ್ಣೀಯರ ಬಗ್ಗೆ ಸರಾಸರಿ ಹೆಚ್ಚು ನಕಾರಾತ್ಮಕ ಉತ್ತರ ಕೊಡುತ್ತಾರೆ. ಬ್ರೂಕ್ಲಿನ್‌ನಲ್ಲೂ ನೇರ ನಿರಾಕರಣೆ ಅವರಲ್ಲೇ ಹೆಚ್ಚಿತ್ತು. ಪೂರ್ವಗ್ರಹ ಎರಡೂ ಕಡೆ ಇದೆ ಎಂದರೆ ಅಳತೆಯೂ ರೂಪವೂ ಒಂದೇ ಎಂದಲ್ಲ.

ಒಂದು ಎಚ್ಚರಿಕೆಯೂ ಬೇಕು. ಯಾವುದೋ ಮೀಸಲಾತಿ ನೀತಿಗೆ ವಿರುದ್ಧವಾಗಿ ಮತ ಹಾಕಿದ ಮಾತ್ರಕ್ಕೆ ಒಬ್ಬರನ್ನು ಜನಾಂಗದ್ವೇಷಿ ಎನ್ನಲಾಗದು. 2020ರಲ್ಲಿ ಅದೇ ಕ್ಯಾಲಿಫೋರ್ನಿಯಾ ಜೋ ಬೈಡನ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿ, ಸರ್ಕಾರಿ ನೇಮಕ ಮತ್ತು ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಗಣಿಸಲು ಮತ್ತೆ ಅವಕಾಶ ಕೊಡುವ 16ನೇ ಪ್ರಸ್ತಾವವನ್ನು ಸೋಲಿಸಿತು. ಅದರ ಹಿಂದೆ ಪೂರ್ವಗ್ರಹವೂ ಇರಬಹುದು, ಪ್ರಾಮಾಣಿಕ ಭಿನ್ನಾಭಿಪ್ರಾಯವೂ ಇರಬಹುದು. ಮತಪತ್ರ ಒಂದರಿಂದಲೇ ಅದನ್ನು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಒಂದೇ ಸನ್ನಿವೇಶದಲ್ಲಿ, ಬಣ್ಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರುವ ಇಬ್ಬರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಅದಕ್ಕಿಂತ ನಂಬಬಹುದಾದ ಸಾಕ್ಷಿ.

ತಪ್ಪು ಕಲ್ಪನೆ: ಮನಸ್ಸಿನಲ್ಲಿ ದ್ವೇಷವಿಲ್ಲದಿದ್ದರೆ ನಡತೆಯಲ್ಲಿ ಭೇದವೂ ಇರುವುದಿಲ್ಲ

ಅಂಥ ಸಾಕ್ಷಿಯೊಂದು ಇಲ್ಲಿದೆ. ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಥಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಷಿಕಾಗೊ ಪತ್ರಿಕೆಗಳ ಸುಮಾರು 1,300 ಉದ್ಯೋಗ ಜಾಹೀರಾತುಗಳಿಗೆ ಹೆಚ್ಚುಕಡಿಮೆ 5,000 ಕಲ್ಪಿತ ಬಯೋಡೇಟಾ ಕಳಿಸಿದರು. ಓದು, ಅನುಭವ ಸಮಸಮ. ಅರ್ಧಕ್ಕೆ ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರು. ಅರ್ಧಕ್ಕೆ ಲಕೀಷಾ, ಜಮಾಲ್ ಥರದ ಕಪ್ಪುವರ್ಣೀಯರ ಹೆಸರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಳಿಯರ ಹೆಸರಿಗೆ ಹತ್ತು ಅರ್ಜಿಗೊಂದು ಕರೆ ಬಂದರೆ, ಕಪ್ಪುವರ್ಣೀಯರ ಹೆಸರಿಗೆ ಒಂದು ಕರೆ ಬರಲು ಹದಿನೈದು ಅರ್ಜಿ ಬೇಕಾಯಿತು. "ನಮ್ಮಲ್ಲಿ ಎಲ್ಲರಿಗೂ ಸಮಾನ ಅವಕಾಶ" ಎಂದು ಜಾಹೀರಾತಿನಲ್ಲೇ ಸಾರಿಕೊಂಡಿದ್ದ ಕಂಪನಿಗಳೂ ಅಷ್ಟೇ ಭೇದ ಮಾಡಿದ್ದವು. ಬಾಸ್ಟನ್, ಷಿಕಾಗೊ ಎರಡೂ ಡೆಮಾಕ್ರಟಿಕ್ ಪಕ್ಷ ಗೆಲ್ಲುವ ನಗರಗಳು ಎಂಬುದನ್ನು ಮರೆಯಬಾರದು.

ಅರ್ಜಿಗಳ ರಾಶಿಯ ಮುಂದೆ ಕೂತ ಎಚ್‌ಆರ್ ಸಿಬ್ಬಂದಿಯ ಮನಸ್ಸಿನಲ್ಲಿ ಕೋಪ, ದ್ವೇಷ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಒಂದು ಹೆಸರು ಕಂಡಾಗ "ಇವರು ಹೊಂದಿಕೊಳ್ಳುತ್ತಾರೆ" ಎನ್ನಿಸಿರಬೇಕು, ಇನ್ನೊಂದು ಹೆಸರು ಕಂಡಾಗ "ಮುಂದೆ ನೋಡೋಣ" ಎನ್ನಿಸಿರಬೇಕು. ಡೊವಿಡಿಯೊ ಮತ್ತು ಗೇರ್ಟ್ನರ್ 1989ರಲ್ಲೂ 1999ರಲ್ಲೂ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಹುದ್ದೆಗೆ ಅಭ್ಯರ್ಥಿಗಳನ್ನು ಆರಿಸಲು ಹೇಳಿದಾಗ ಕಂಡದ್ದೂ ಇದೇ. ಅಭ್ಯರ್ಥಿಯ ಅರ್ಹತೆ ಸ್ಪಷ್ಟವಾಗಿ ಉತ್ತಮವಾಗಿದ್ದರೆ ಬಣ್ಣ ಲೆಕ್ಕಕ್ಕೆ ಬರಲಿಲ್ಲ. ಅರ್ಹತೆ ನಡುಮಧ್ಯದಲ್ಲಿ, ಹೀಗೂ ಹಾಗೂ ಎನ್ನುವಂತಿದ್ದಾಗ ಬಿಳಿಯರಿಗೆ ಅನುಮಾನದ ಲಾಭ ಸಿಕ್ಕಿತು, ಕಪ್ಪುವರ್ಣೀಯರಿಗೆ ಸಿಗಲಿಲ್ಲ. ಆ ಹತ್ತು ವರ್ಷಗಳಲ್ಲಿ ವಿದ್ಯಾರ್ಥಿಗಳ ಬಾಯಿಮಾತಿನ ಪೂರ್ವಗ್ರಹ ಇಳಿದಿತ್ತು. ಈ ಭೇದ ಇಳಿದಿರಲಿಲ್ಲ.

ದೇಶದ ಮಟ್ಟದಲ್ಲೂ ಇದೇ ಕಥೆ. ಕಪ್ಪು ಮತ್ತು ಬಿಳಿಯರ ನಡುವಿನ ಮದುವೆಯನ್ನು 1958ರಲ್ಲಿ ಒಪ್ಪುತ್ತಿದ್ದ ಅಮೆರಿಕನ್ನರು ನೂರಕ್ಕೆ 4 ಎಂದಿತ್ತು ಗ್ಯಾಲಪ್ ಸಮೀಕ್ಷೆ, 2021ರಲ್ಲಿ 94. ಇದು ಕಡಿಮೆ ಬದಲಾವಣೆಯಲ್ಲ, ಇದನ್ನು ನಾಟಕ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ 1989ರಿಂದ ನಡೆದ ನೇಮಕಾತಿ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2017ರಲ್ಲಿ ಲೆಕ್ಕ ಹಾಕಿದಾಗ ಬಿಳಿಯರಿಗೆ ಕಪ್ಪುವರ್ಣೀಯರಿಗಿಂತ ಶೇ 36ರಷ್ಟು ಹೆಚ್ಚು ಕರೆ ಬರುತ್ತಿದ್ದುದು ಕಂಡಿತು. ಕಾಲು ಶತಮಾನದಲ್ಲಿ ಆ ಅಂತರ ಇಳಿದ ಗುರುತಿಲ್ಲ.

ತಪ್ಪು ಕಲ್ಪನೆ: ನಾವು ಭಾರತೀಯರು ವರ್ಣಭೇದ ಉಂಡವರು, ನಾವು ಮಾಡುವವರಲ್ಲ

ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಅನ್ಯಾಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಪರವಾದ ವಾದ ಏನಿತ್ತು? ಮೇಲ್ಜಾತಿಯ ಹಿಂದೂಗಳು ಆರ್ಯರು. ಅಮೆರಿಕದ ಬಿಳಿಯರು ಕಪ್ಪುವರ್ಣೀಯರನ್ನು ಹೇಗೆ ದೂರವಿಡುತ್ತಾರೋ ಹಾಗೆಯೇ ಇವರೂ ತಮ್ಮ ನಾಡಿನ ಮೂಲನಿವಾಸಿಗಳೊಂದಿಗೆ ಮದುವೆ ಸಂಬಂಧ ಬೆಳೆಸುವುದಿಲ್ಲ, ಹೀಗಾಗಿ ಬಿಳಿಯರೆಂದು ಗಣಿಸಬೇಕು! ಭೇದವೇ ತಪ್ಪು ಎಂಬ ವಾದ ಅದಾಗಿರಲಿಲ್ಲ. ನಾಲ್ಕು ದಶಕ ಕಳೆದು, ಕಪ್ಪುವರ್ಣೀಯರ ನಾಗರಿಕ ಹಕ್ಕುಗಳ ಹೋರಾಟ ತಂದ ಬದಲಾವಣೆಯ ಬೆನ್ನಲ್ಲೇ 1965ರ ವಲಸೆ ಕಾಯ್ದೆ ಬಂತು. ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಪಾಲು ಮಂದಿ ಹೋದದ್ದು ಆ ಕಾಯ್ದೆ ತೆರೆದ ದಾರಿಯಲ್ಲೇ.

ಇನ್ನು ನಮ್ಮ ಊರು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನ್‌ನವನೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಬೇರೆ ಕಾರಿನಲ್ಲಿ ಅಲ್ಲಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಥಳಿಸಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ. ಆಕೆಯ ದೇಶವೇ ಬೇರೆ. ಇದು ಜನಾಂಗೀಯ ದಾಳಿಯಲ್ಲ, ಅಪಘಾತದ ಸಿಟ್ಟು ಎಂದಿತು ಆಗಿನ ಕಾಂಗ್ರೆಸ್ ಸರ್ಕಾರ. ಅದಕ್ಕೆ ಎರಡು ವರ್ಷ ಮೊದಲು ದೆಹಲಿಯ ಖಿರ್ಕಿ ಎಕ್ಸ್‌ಟೆನ್ಷನ್‌ನಲ್ಲಿ ಆಮ್ ಆದ್ಮಿ ಸರ್ಕಾರದ ಕಾನೂನು ಸಚಿವರೇ ಮಧ್ಯರಾತ್ರಿ ಮುಂದೆ ನಿಂತು ಆಫ್ರಿಕನ್ ಮಹಿಳೆಯರ ವಿರುದ್ಧ ಕಾರ್ಯಾಚರಣೆಗೆ ಇಳಿದಿದ್ದರು. 2017ರ ಮಾರ್ಚ್‌ನಲ್ಲಿ, ಬಿಜೆಪಿ ಆಡಳಿತದ ಉತ್ತರ ಪ್ರದೇಶದ ಗ್ರೇಟರ್ ನೊಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳಿಗೆ ಏಟು ಬಿದ್ದಾಗ ಅದನ್ನು ಜನಾಂಗೀಯ ದಾಳಿ ಎನ್ನಲು ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮೂರು ಪಕ್ಷ, ಮೂರು ಸರ್ಕಾರ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಶತಮಾನಗಳಿಂದ ಬಾಳುತ್ತಿರುವ ಸಿದ್ದಿಗಳನ್ನೂ "ಯಾವ ದೇಶದವರು?" ಎಂದು ಕೇಳುವ ಕನ್ನಡಿಗರು ಇದ್ದಾರೆ. ಕೇಳುವವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಎಂಬುದರಿಂದ ಆ ಪ್ರಶ್ನೆಯ ನೋವು ಹೆಚ್ಚುಕಡಿಮೆ ಆಗುವುದಿಲ್ಲ.

ತಪ್ಪು ಕಲ್ಪನೆ: ಒಂದು ಪರೀಕ್ಷೆ ಪೂರ್ವಗ್ರಹವನ್ನು ಹಿಡಿದುಕೊಡುತ್ತದೆ, ಒಂದು ತರಬೇತಿ ಅದನ್ನು ಕಳೆಯುತ್ತದೆ

ಕಂಪ್ಯೂಟರ್ ಪರದೆಯ ಮೇಲೆ ಮುಖಗಳನ್ನೂ ಒಳ್ಳೆಯ, ಕೆಟ್ಟ ಪದಗಳನ್ನೂ ಜೋಡಿಸುವ ವೇಗವನ್ನು ಅಳೆಯುವ ಪರೀಕ್ಷೆ 1998ರಲ್ಲಿ ಬಂತು. ಅದರ ಹಿಂದಿನ ಸಂಶೋಧಕರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬಾನಾಜಿ ಪ್ರಮುಖರು. ಲಕ್ಷಾಂತರ ಜನರ ಸರಾಸರಿಯನ್ನು ತಿಳಿಯಲು ಅದು ಉಪಯುಕ್ತ: ಉದಾರವಾದಿಗಳಲ್ಲೂ ಸಂಪ್ರದಾಯವಾದಿಗಳಲ್ಲೂ ಬಿಳಿಯರ ಕಡೆಗೇ ಒಲವು ಕಾಣುತ್ತದೆ, ಸಂಪ್ರದಾಯವಾದಿಗಳಲ್ಲಿ ಸ್ವಲ್ಪ ಹೆಚ್ಚು. ಆದರೆ ಒಬ್ಬ ವ್ಯಕ್ತಿಯ ಅಂಕ ಇಂದು ಒಂದು, ಮುಂದಿನ ವಾರ ಇನ್ನೊಂದು ಆಗಬಹುದು. ಆತ ಹೇಗೆ ನಡೆದುಕೊಳ್ಳುತ್ತಾನೆ ಎಂದು ಅದರಿಂದ ಹೇಳುವುದು ಕಷ್ಟ.

ತರಬೇತಿಯ ಕಥೆ ಇನ್ನೂ ನಿರಾಶಾದಾಯಕ. ಫಿಲಡೆಲ್ಫಿಯಾದ ಕಾಫಿ ಮಳಿಗೆಯೊಂದರಲ್ಲಿ ಇಬ್ಬರು ಕಪ್ಪುವರ್ಣೀಯ ಯುವಕರು ಸುಮ್ಮನೆ ಕಾಯುತ್ತಿದ್ದಾಗ ಬಂಧನಕ್ಕೊಳಗಾದ ಮೇಲೆ, ಸ್ಟಾರ್‌ಬಕ್ಸ್ 2018ರ ಮೇ 29ರಂದು ಅಮೆರಿಕದ ಸುಮಾರು 8,000 ಮಳಿಗೆಗಳನ್ನು ಅರ್ಧ ದಿನ ಮುಚ್ಚಿ ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಇಂಥ ಮಧ್ಯಪ್ರವೇಶಗಳ ಬಗ್ಗೆ ಸುಮಾರು 490 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪರೀಕ್ಷೆಯ ಅಂಕ ಒಂದಿಷ್ಟು ಬದಲಾದರೂ ನಡವಳಿಕೆ ಅದರಿಂದ ಬದಲಾಗುತ್ತದೆ ಎಂಬುದಕ್ಕೆ ಹೆಚ್ಚಿನ ಪುರಾವೆ ಸಿಗಲಿಲ್ಲ.

ಬದಲಾಗುವುದು ನಿಯಮ ಬದಲಾದಾಗ. ಪ್ರವಾಸಿಗರಿಗೆ ಮನೆ, ಕೋಣೆ ಬಾಡಿಗೆಗೆ ಸಿಗುವ ಏರ್‌ಬಿಎನ್‌ಬಿ ತಾಣದಲ್ಲಿ ಕಪ್ಪುವರ್ಣೀಯರ ಹೆಸರಿದ್ದ ಅತಿಥಿಗಳಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಶೇ 16ರಷ್ಟು ಕಡಿಮೆ ಎಂದು ಸಂಶೋಧಕರು ತೋರಿಸಿದ ಬಳಿಕ, ಬುಕಿಂಗ್ ಒಪ್ಪಿಕೊಳ್ಳುವ ತನಕ ಅತಿಥಿಯ ಫೋಟೊ ಮನೆಯವರಿಗೆ ಕಾಣದಂತೆ ಕಂಪನಿ 2018ರಲ್ಲಿ ವ್ಯವಸ್ಥೆ ಬದಲಿಸಿತು. ನೆರೆಹೊರೆಯವರು ಸುದ್ದಿ ಹಂಚಿಕೊಳ್ಳುವ ನೆಕ್ಸ್ಟ್‌ಡೋರ್ ಆ್ಯಪ್‌ನಲ್ಲಿ "ನಮ್ಮ ಬೀದಿಯಲ್ಲಿ ಅನುಮಾನಾಸ್ಪದ ಕಪ್ಪು ವ್ಯಕ್ತಿ" ಎಂಬಂಥ ಪೋಸ್ಟುಗಳು ಹೆಚ್ಚಿವೆ ಎಂದು ಓಕ್‌ಲ್ಯಾಂಡಿನ ನಿವಾಸಿಗಳು ದೂರಿದ್ದರು. ಓಕ್‌ಲ್ಯಾಂಡ್ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಕಂಪನಿ ಯಾರಿಗೂ ಉಪದೇಶ ಮಾಡಲು ಹೋಗದೆ ಫಾರ್ಮನ್ನು ಬದಲಿಸಿತು: ಆ ವ್ಯಕ್ತಿ ಮಾಡುತ್ತಿದ್ದದ್ದೇನು, ತೊಟ್ಟ ಬಟ್ಟೆ ಯಾವುದು, ಕೂದಲು ಹೇಗಿತ್ತು, ಕಾಲಲ್ಲಿ ಯಾವ ಶೂ ಇತ್ತು ಎಂದು ಕೇಳಿತು, ಜನಾಂಗವೊಂದನ್ನೇ ಬರೆದರೆ ಪೋಸ್ಟ್ ಮುಂದೆ ಹೋಗದಂತೆ ಮಾಡಿತು. ಅಂಥ ಪೋಸ್ಟುಗಳು ಶೇ 75ರಷ್ಟು ಇಳಿದವು ಎಂದು ಕಂಪನಿ ಹೇಳಿತು.