ಅಂಚೆಚೀಟಿಯ ಮೇಲಿನ ಗೌರೀಹೂವು

1977ನೆಯ ಇಸವಿಯಲ್ಲಿ ಭಾರತದ ಅಂಚೆ ಮತ್ತು ತಂತಿ ಇಲಾಖೆಯವರು ದೇಶದ ಹೂವುಗಳ ಚಿತ್ರಗಳುಳ್ಳ ನಾಲ್ಕು ಅಂಚೆಚೀಟಿಗಳನ್ನು ಹೊರಡಿಸಿದರು. 25 ಪೈಸೆಯ ಚೀಟಿಯಲ್ಲಿ ತಾವರೆಯೂ, 50 ಪೈಸೆಯದರಲ್ಲಿ ರೋಡೊಡೆಂಡ್ರನ್ ಹೂವೂ, 1 ರೂಪಾಯಿಯದರಲ್ಲಿ ಕದಂಬವೂ, 2 ರೂಪಾಯಿಯದರಲ್ಲಿ ನಾವು ಗೌರೀಹೂವೆಂದು ಕರೆಯುವ ಬಳ್ಳಿಯ ಹೂವೂ ಮುದ್ರಿತವಾದವು. ಇವುಗಳಲ್ಲಿ ಕಡೆಯದು ರೈತರ ಹೊಲದ ಬೇಲಿಯಲ್ಲಿಯೇ ಬೆಳೆಯತಕ್ಕದ್ದಾದ ಕಾರಣ, ಅದರ ಗುಣದೋಷಗಳನ್ನು ಗ್ರಾಮದ ಹಿರಿಯರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ.

ಈ ಬಳ್ಳಿಗೆ ಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ ಎಂದು ಹೆಸರು. ಇದರ ಗೆಡ್ಡೆಯು ನೇಗಿಲಿನಂತೆ ಬಾಗಿ ಕವಲೊಡೆದಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎಂದಿರುವರು. ಮುಂಗಾರು ಬಿದ್ದೊಡನೆ ಗೆಡ್ಡೆ ಚಿಗುರಿ, ಎಲೆಯ ತುದಿಗಳನ್ನೇ ಕುಡಿಗಳಂತೆ ಸುತ್ತಿಕೊಂಡು ಬಳ್ಳಿಯು ಬೇಲಿಯ ಮೇಲೇರುತ್ತದೆ. ಅಲೆಯಂಚಿನ ದಳಗಳು ಮೊದಲು ಹಸಿರು, ಬಳಿಕ ಹಳದಿ, ಕಡೆಗೆ ಕೆಂಪಾಗಿ ಬೆಂಕಿಯ ಜ್ವಾಲೆಯನ್ನು ಹೋಲುತ್ತವೆ. ಭಾದ್ರಪದದ ಗೌರೀಪೂಜೆಯ ಕಾಲಕ್ಕೆ ಅರಳುವುದರಿಂದ ಮಲೆನಾಡಿನಲ್ಲಿ ಇದಕ್ಕೆ ವಿಶೇಷ ಮನ್ನಣೆಯುಂಟು. ತಮಿಳುನಾಡಿಗೆ ಇದು ರಾಜ್ಯಪುಷ್ಪವೂ, ಆಫ್ರಿಕಾದ ಜಿಂಬಾಬ್ವೆಗೆ ರಾಷ್ಟ್ರಪುಷ್ಪವೂ ಆಗಿದೆ.

ಇಷ್ಟು ಚೆಲುವಾದ ಬಳ್ಳಿಯ ಸರ್ವಾಂಗವೂ ವಿಷ. ಗೆಡ್ಡೆಯಲ್ಲಂತೂ ವಿಷವು ಬಹಳ. ಕಾಲ್ಚಿಸಿನ್ ಎಂಬ ಸತ್ತ್ವವೇ ಇದಕ್ಕೆ ಮುಖ್ಯ ಕಾರಣ. ಗೆಣಸೆಂದು ಭ್ರಮಿಸಿ ಈ ಗೆಡ್ಡೆಯನ್ನು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿಭೇದಿಗಳು ತೊಡಗುತ್ತವೆ. ಅವು ತಗ್ಗಿದಂತೆ ಕಂಡರೂ ಮುಂದಿನ ದಿನಗಳಲ್ಲಿ ರಕ್ತಕ್ಕೂ ಮೂತ್ರಪಿಂಡಗಳಿಗೂ ಹಾನಿ ತಟ್ಟಬಹುದು. ಆದಕಾರಣ ಯಾರಾದರೂ ಇದನ್ನು ತಿಂದರೆಂದು ತಿಳಿದೊಡನೆ, ಮನೆಮದ್ದಿನಲ್ಲಿ ಕಾಲಹರಣ ಮಾಡದೆ, ಗೆಡ್ಡೆಯ ತುಂಡೊಂದನ್ನು ಜೊತೆಗಿಟ್ಟುಕೊಂಡು ರೋಗಿಯನ್ನು ಆಸ್ಪತ್ರೆಗೆ ಸಾಗಿಸತಕ್ಕದ್ದು. ದನಕರುಗಳಿಗೂ ಇದು ವಿಷವೇ. ಬೇಲಿ ಸವರಿದ ಸೊಪ್ಪನ್ನು ಮೇವಿನೊಡನೆ ಬೆರೆಸಕೂಡದು. ಉಳುವಾಗ ಮೇಲೆದ್ದ ಗೆಡ್ಡೆಗಳನ್ನು ಮಕ್ಕಳ ಕೈಗೆ ಸಿಕ್ಕುವಂತೆ ಬದುವಿನ ಮೇಲೆ ಬಿಡಕೂಡದು.

ಹಾಗೆಂದು ಬಳ್ಳಿಯನ್ನು ನಿರ್ಮೂಲ ಮಾಡುವುದೂ ಯುಕ್ತವಲ್ಲ. ಇದೇ ಕಾಲ್ಚಿಸಿನ್ ಅಳತೆಯರಿತ ವೈದ್ಯರ ಕೈಯಲ್ಲಿ, ಗೌಟ್ ಎಂಬ ಕೀಲುಬಾವಿಗೆ ಔಷಧವಾಗಿದೆ. ಕೃಷಿಗೂ ಇದರಿಂದ ಉಪಕಾರವಾಗಿದೆ. ಇದು ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವುದೆಂದು 1937ರಲ್ಲಿ ಅಮೆರಿಕದ ಬ್ಲೇಕ್ಸ್‌ಲೀ ಮುಂತಾದವರು ಪ್ರಕಟಿಸಿದರು. ಬೀಜವಿಲ್ಲದ ಕಲ್ಲಂಗಡಿಯ ತಳಿಗಳು ಈ ಮಾರ್ಗದಿಂದಲೇ ಬಂದವು.

ಔಷಧದ ಬೇಡಿಕೆಯೇ ಕಾಡಿನ ಬಳ್ಳಿಗೆ ಕಂಟಕವಾಗಿದೆ. ಗೆಡ್ಡೆಯ ಎರಡು ಕವಲುಗಳ ತುದಿಯಲ್ಲಿ ಮಾತ್ರ ಮೊಳಕೆಯ ಕಣ್ಣಿರುವುದರಿಂದ, ಅಗೆಯುವಾಗ ತುದಿ ಮುರಿದರೆ ಆ ಕವಲು ಪುನಃ ಚಿಗುರದು. ಬೀಜದಿಂದ ಹುಟ್ಟಿದ ಸಸಿಯು ಹೂ ಬಿಡಲು ಕೆಲವು ವರ್ಷಗಳೇ ಬೇಕು. ಹೀಗಾಗಿ ಅಗೆದು ಮಾರುವವರು ಬಂದುಹೋದ ಬೇಲಿಯಲ್ಲಿ ಬಳ್ಳಿಯು ಬೇಗನೆ ಮರಳುವುದಿಲ್ಲ. ಇದರಿಂದ ಲಾಭ ಪಡೆಯಬೇಕೆಂಬವರಿಗೆ ತಮಿಳುನಾಡಿನ ಕರೂರು, ದಿಂಡುಕಲ್ ಪ್ರಾಂತಗಳ ರೈತರು ದಾರಿ ತೋರಿದ್ದಾರೆ. ಅವರು ಸ್ವಂತ ಹೊಲದಲ್ಲಿ ಗೆಡ್ಡೆ ನೆಟ್ಟು, ಆಸರೆಗೆ ಹಬ್ಬಿಸಿ, ಕೈಯಿಂದಲೇ ಪರಾಗಸ್ಪರ್ಶ ಮಾಡಿ, ಬೀಜವನ್ನು ಔಷಧ ವರ್ತಕರಿಗೆ ಮಾರುತ್ತಾರೆ. ಆದರೆ ಈ ಬೆಳೆಗೆ ಕೈಹಾಕುವ ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳುವುದು ವಿವೇಕ.

ಮಿಕ್ಕವರು ಮಾಡಬೇಕಾದುದು ಸ್ವಲ್ಪವೇ. ಪೂಜೆಗೆ ಹೂವನ್ನು ಮಾತ್ರ ಬಿಡಿಸಿ, ಕೈ ತೊಳೆದುಕೊಳ್ಳಿರಿ. ಮಕ್ಕಳಿಗೆ ಬಳ್ಳಿಯ ಗುರುತು ಹೇಳಿ, ಅದರ ವಿಷವನ್ನೂ ತಿಳಿಸಿರಿ. ಜನ ದನಗಳ ಓಡಾಟವಿಲ್ಲದ ಬೇಲಿಯಲ್ಲಿ ಗೆಡ್ಡೆಯನ್ನು ನೆಲದಲ್ಲಿಯೇ ಇರಗೊಡಿರಿ. ಗ್ರಾಮದ ಹಿರಿಯರು ಈ ವಿಷಯವನ್ನು ಊರ ಸಭೆಯಲ್ಲಿ ಒಮ್ಮೆ ಪ್ರಸ್ತಾಪಿಸಿದರೆ, ಬಳ್ಳಿಯೂ ಉಳಿಯುವುದು, ಅದನ್ನರಿಯದ ಕೂಸುಗಳ ಪ್ರಾಣವೂ ಉಳಿಯುವುದು.